ಸಾಮರ್‌ಸೆಟ್ ಲೆವೆಲ್ಸ್‌ನ ಕಾಲುದಾರಿಗಳು

ನೈಋತ್ಯ ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯ ತಗ್ಗು ಜೌಗುಬಯಲನ್ನು ದಾಟಲು ಸುಮಾರು 6,000 ವರ್ಷಗಳಿಂದ ಜನ ಕಟ್ಟುತ್ತ, ಬಳಸುತ್ತ, ಕೈಬಿಡುತ್ತ ಬಂದ ದಾರಿಗಳು. ನವಶಿಲಾಯುಗದ ಹಲಗೆದಾರಿ, ಮಧ್ಯಯುಗದ ಏರಿ, 18ನೆಯ ಶತಮಾನದ ದನದ ದಾರಿ, 19ನೆಯ ಶತಮಾನದ ರೈಲುಹಾದಿ ಇವೆಲ್ಲ ಬೇರೆ ಬೇರೆ ಕೆಲಸಕ್ಕಾಗಿ ಹುಟ್ಟಿದವು. ಇವುಗಳಲ್ಲಿ ಉಳಿದುಬಂದ ಅನೇಕ ದಾರಿಗಳು ಈಗ ನಡಿಗೆಯ ಹವ್ಯಾಸಿಗಳಿಗೆ ಸೇರಿವೆ. ನೀರನ್ನು ಎಲ್ಲಿ ತಡೆಯಬೇಕು, ಎಲ್ಲಿ ಹರಿಯಬಿಡಬೇಕು ಎಂಬ ತೀರ್ಮಾನ ಬದಲಾದಾಗಲೆಲ್ಲ ಇಲ್ಲಿ ದಾರಿಯೂ ಬದಲಾಗಿದೆ.

ನೆಲ ಮತ್ತು ನೀರು

ಉತ್ತರಕ್ಕೆ ಮೆಂಡಿಪ್ ಬೆಟ್ಟಗಳು, ಪಶ್ಚಿಮಕ್ಕೆ ಕ್ವಾಂಟಾಕ್ ಬೆಟ್ಟಗಳು. ನಡುವಿನ ಬಯಲಿನ ವಿಸ್ತಾರ ಸುಮಾರು 650 ಚದರ ಕಿಲೋಮೀಟರ್. ಪೋಲ್ಡನ್ ಎಂಬ ತಗ್ಗಾದ ಗುಡ್ಡಸಾಲು ಇದನ್ನು ಎರಡಾಗಿ ಸೀಳುತ್ತದೆ. ಪ್ಯಾರೆಟ್, ಟೋನ್, ಬ್ರೂ, ಆ್ಯಕ್ಸ್ ನದಿಗಳು ಇದರ ಮೂಲಕ ಬ್ರಿಸ್ಟಲ್ ಕಡಲ್ಗಾಲುವೆಯನ್ನು ಸೇರುತ್ತವೆ. ಕರಾವಳಿಯ ಜೇಡಿಪಟ್ಟಿ ತುಸು ಎತ್ತರದಲ್ಲಿದೆ, ಅರೆಕೊಳೆತ ಸಸ್ಯಗಳಿಂದಾದ ಒಳನಾಡಿನ ಪೀಟ್ ನೆಲ ಅದಕ್ಕಿಂತ ತಗ್ಗಿನಲ್ಲಿದೆ. ಜಗತ್ತಿನ ಅತಿ ದೊಡ್ಡ ಭರತ-ಇಳಿತಗಳು ಕಾಣುವ ಕಡಲುಗಳಲ್ಲಿ ಬ್ರಿಸ್ಟಲ್ ಕಡಲ್ಗಾಲುವೆಯೂ ಒಂದು. ಹುಣ್ಣಿಮೆ ಅಮಾವಾಸ್ಯೆಗಳ ಭರತದಲ್ಲಿ ಕಡಲಿನ ಮಟ್ಟ ಒಳನಾಡಿನ ಹೊಲಗಳಿಗಿಂತ ಮೇಲಕ್ಕೇರುತ್ತದೆ. ಆಗ ನದಿಯ ನೀರು ಹೊರಹೋಗಲಾರದೆ ಬಯಲಿನಲ್ಲೇ ನಿಲ್ಲುತ್ತದೆ. ಹಿಂದೆ ಚಳಿಗಾಲದಲ್ಲಿ ಬಯಲಿಗೆ ಬಯಲೇ ಕೆರೆಯಾಗುತ್ತಿತ್ತು. ಗ್ಲಾಸ್ಟನ್‌ಬರಿ, ಮೀರ್, ವೆಸ್ಟ್‌ಹೇ, ಮಚೆಲ್ನಿ, ಅಥೆಲ್ನಿ ಮೊದಲಾದ ದಿಣ್ಣೆಗಳು ಅದರ ನಡುವೆ ಕುದುರುಗಳಂತೆ ಉಳಿಯುತ್ತಿದ್ದವು. ಇಲ್ಲಿನ ದಾರಿಗಳ ಇತಿಹಾಸವೆಂದರೆ ಬಹುಮಟ್ಟಿಗೆ ಒಂದು ದಿಣ್ಣೆಯಿಂದ ಇನ್ನೊಂದಕ್ಕೆ ಹೋಗುವ ಪ್ರಯತ್ನದ ಇತಿಹಾಸ.

ಹಲಗೆದಾರಿಗಳು

ಜೌಗಿನ ಮೇಲಿನ ಹಲಗೆದಾರಿಗಳಲ್ಲಿ ಹೆಸರುವಾಸಿಯಾದುದು ಸ್ವೀಟ್ ಟ್ರ್ಯಾಕ್. ಪೀಟ್ ಅಗೆಯುವ ಕೆಲಸದಲ್ಲಿದ್ದ ರೇ ಸ್ವೀಟ್ 1970ರಲ್ಲಿ ಕಾಲುವೆಯ ಹೂಳು ತೆಗೆಯುವಾಗ ಗಟ್ಟಿ ಹಲಗೆಯೊಂದು ಸಿಕ್ಕಿತು. ಅದರ ತುಂಡು ಪುರಾತತ್ತ್ವಜ್ಞ ಜಾನ್ ಕೋಲ್ಸ್ ಅವರ ಕೈ ಸೇರಿ ಉತ್ಖನನ ಶುರುವಾಯಿತು. ಜಾನ್ ಮತ್ತು ಬ್ರಯನಿ ಕೋಲ್ಸ್ ನಡೆಸಿದ ಸಾಮರ್‌ಸೆಟ್ ಲೆವೆಲ್ಸ್ ಯೋಜನೆ 1973ರಿಂದ 1989ರವರೆಗೆ ಈ ಬಯಲಿನ ಹಲವು ಹಲಗೆದಾರಿಗಳನ್ನು ಬೆಳಕಿಗೆ ತಂದಿತು. ಪೋಲ್ಡನ್ ಗುಡ್ಡದ ಬುಡದ ಶಾಪ್ವಿಕ್‌ನಿಂದ ವೆಸ್ಟ್‌ಹೇ ದಿಣ್ಣೆಯ ಕಡೆಗೆ ಸ್ವೀಟ್ ಟ್ರ್ಯಾಕ್ ಸುಮಾರು 2 ಕಿಲೋಮೀಟರ್ ಉದ್ದ ಸಾಗುತ್ತಿತ್ತು.

ಇದರ ರಚನೆ ಸರಳ. ಮೊದಲು ಜೌಗಿನ ಮೇಲೆ ಉದ್ದನೆಯ ಕೋಲುಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ಅವುಗಳ ಎರಡೂ ಬದಿಯಿಂದ ಹೇಜಲ್, ಆಲ್ಡರ್ ಮರಗಳ ಗೂಟಗಳನ್ನು ಓರೆಯಾಗಿ ನೆಟ್ಟು ಮೇಲ್ತುದಿಯಲ್ಲಿ ಕತ್ತರಿಯಾಕಾರಕ್ಕೆ ತರುತ್ತಿದ್ದರು. ಆ ಕವಲಿನಲ್ಲಿ ಹಲಗೆ ಕೂರುತ್ತಿತ್ತು. ಹಲಗೆ ಜಾರದಂತೆ ಅದಕ್ಕೆ ತೂತು ಕೊರೆದು ಉದ್ದ ಗೂಟವನ್ನು ಕೆಳಗಿನ ಪೀಟ್‌ಗೆ ಇಳಿಸುತ್ತಿದ್ದರು. ಓಕ್, ಆ್ಯಶ್, ಲೈಮ್ ಮರದ ದಿಮ್ಮಿಗಳನ್ನು ಗರಗಸವಿಲ್ಲದೆ, ಬೆಣೆ ಹೊಡೆದು ಸೀಳಿ ಹಲಗೆ ಮಾಡಲಾಗಿತ್ತು. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲದ ಕಾಲುಸಂಕ ಇದು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ ಓಕ್ ಮರಗಳನ್ನು ಕ್ರಿ.ಪೂ. 3807ರ ಚಳಿಗಾಲದಿಂದ 3806ರ ವಸಂತದೊಳಗೆ ಕಡಿದದ್ದು ಖಚಿತವಾಯಿತು. ದಾರಿ ಬಳಕೆಯಲ್ಲಿದ್ದುದು ಹತ್ತು ವರ್ಷದ ಆಸುಪಾಸು. ಅಷ್ಟರಲ್ಲಿ ಜೊಂಡು ಮತ್ತು ನೀರು ಅದನ್ನು ನುಂಗಿದವು. ಅದರ ಪಕ್ಕದಲ್ಲೇ ಸಿಕ್ಕ ಪೋಸ್ಟ್ ಟ್ರ್ಯಾಕ್ ಇನ್ನೂ ಮೂರು ದಶಕ ಹಳೆಯದು, ಕ್ರಿ.ಪೂ. 3838ರದು.

ಹಲಗೆಗಳ ಪಕ್ಕದ ಪೀಟ್‌ನಲ್ಲಿ ಮಡಕೆಗಳು, ಹೇಜಲ್ ಕಾಯಿಗಳು, ಚಕಮಕಿ ಕಲ್ಲಿನ ಬಾಣದ ಮೊನೆಗಳು ದೊರೆತವು. ಹಸುರು ಜೇಡೈಟ್ ಕಲ್ಲಿನ ನುಣುಪಾದ ಕೊಡಲಿಯೊಂದೂ ಸಿಕ್ಕಿತು. ಅದರ ಕಲ್ಲು ಆಲ್ಪ್ಸ್ ಪರ್ವತದ್ದು. ಕೊಡಲಿಯನ್ನು ಬಳಸಿದ ಗುರುತೇ ಇಲ್ಲದಿರುವುದರಿಂದ ಅದು ಕೈತಪ್ಪಿ ಬಿದ್ದುದಲ್ಲ, ಜೌಗಿಗೆ ಅರ್ಪಿಸಿದ್ದಿರಬಹುದು ಎಂದು ಹಲವು ವಿದ್ವಾಂಸರು ಊಹಿಸಿದ್ದಾರೆ.

ಎಲ್ಲ ದಾರಿಗಳೂ ಹಲಗೆಯವಲ್ಲ. ವಾಲ್ಟನ್ ಹೀತ್‌ನಲ್ಲಿ ಹೇಜಲ್ ಕಡ್ಡಿಗಳಿಂದ ಹೆಣೆದ ತಡಿಕೆಗಳನ್ನು ಕೆಸರಿನ ಮೇಲೆ ಹಾಸಿದ್ದರು. ಬುಡಕ್ಕೆ ಕಡಿದು ಮತ್ತೆ ಚಿಗುರಲು ಬಿಟ್ಟ ಪೊದೆಗಳಿಂದ ಒಂದೇ ಅಳತೆಯ ಕಡ್ಡಿಗಳು ಸಿಗುತ್ತಿದ್ದವು. ಅಂದರೆ ದಾರಿ ಕಟ್ಟುವವರು ಕಾಡನ್ನೂ ನೋಡಿಕೊಳ್ಳುತ್ತಿದ್ದರು. 19ನೆಯ ಶತಮಾನದಲ್ಲಿ ಕಂಡ ಇನ್ನೊಂದು ದಾರಿಯನ್ನು ಗ್ಲಾಸ್ಟನ್‌ಬರಿಯ ಸನ್ಯಾಸಿಗಳ ಕೆಲಸವೆಂದು ನಂಬಿ ‘ಆ್ಯಬಟ್ಸ್ ವೇ’ ಎಂದು ಕರೆದರು. ಅದೂ ನವಶಿಲಾಯುಗದ್ದೆಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿದಿದೆ.

ಏರಿಗಳ ಕಾಲ

878ರಲ್ಲಿ ದಾಳಿಯಿಟ್ಟ ಡೇನರಿಂದ ತಪ್ಪಿಸಿಕೊಂಡ ವೆಸೆಕ್ಸ್‌ನ ದೊರೆ ಆಲ್‌ಫ್ರೆಡ್ ಅಥೆಲ್ನಿ ದಿಣ್ಣೆಯಲ್ಲಿ ನೆಲೆನಿಂತ. ಸುತ್ತಲಿನ ಜೌಗೇ ಅವನಿಗೆ ಕೋಟೆಯಾಯಿತು. ಅವನ ಚರಿತ್ರಕಾರ ಆಸರ್ ಬರೆದಿರುವಂತೆ ಅಲ್ಲಿಗೆ ದೋಣಿಯಲ್ಲಿ ಹೋಗಬೇಕಿತ್ತು. ಇಲ್ಲವೇ ಬಹುಶ್ರಮದಿಂದ ಕಟ್ಟಿದ ಏರಿದಾರಿಯೊಂದರಲ್ಲಿ.

ಮುಂದೆ ಈ ಬಯಲಿನ ಬಹುಭಾಗ ಗ್ಲಾಸ್ಟನ್‌ಬರಿ, ಮಚೆಲ್ನಿ, ಅಥೆಲ್ನಿ ಮಠಗಳಿಗೂ ವೆಲ್ಸ್‌ನ ಬಿಷಪ್‌ಗೂ ಸೇರಿತು. ಅವರು ನದಿಗಳ ಪಾತ್ರ ತಿರುಗಿಸಿದರು, ತೂಬು ಇಟ್ಟರು, ಏರಿ ಹಾಕಿದರು. ಮೀನು, ಪೀಟ್, ಹುಲ್ಲು, ಬೇಟೆ ಎಲ್ಲವೂ ಜೌಗಿನಿಂದ ಸಿಗುತ್ತಿದ್ದುದರಿಂದ ಅದನ್ನು ಪೂರ್ತಿ ಒಣಗಿಸುವ ಉದ್ದೇಶ ಅವರಿಗಿರಲಿಲ್ಲ. ನೀರು ತಡೆಯಲು ಎಬ್ಬಿಸಿದ ಏರಿಯ ನೆತ್ತಿ ಸಹಜವಾಗಿಯೇ ದಾರಿಯೂ ಆಯಿತು. ಬರೋಬ್ರಿಜ್‌ನಿಂದ ಒಥೆರಿಯ ಕಡೆಗೆ ಸಾಗುವ ಎ361 ರಸ್ತೆ ಇಂದಿಗೂ ಬರೋ ವಾಲ್ ಎಂಬ ಹಳೆಯ ಏರಿಯನ್ನು ಹಿಡಿದು ಹೋಗುತ್ತದೆ. 1539ರಲ್ಲಿ ಗ್ಲಾಸ್ಟನ್‌ಬರಿ ಮಠವನ್ನು ಮುಚ್ಚಿಸಿದ ಬಳಿಕ ಬಯಲಿನ ಉಸ್ತುವಾರಿ ಹಲವು ಜಮೀನುದಾರರಲ್ಲಿ ಹಂಚಿಹೋಯಿತು.

ದಾರಿ ಗೊತ್ತಿಲ್ಲದವರಿಗೆ ಈ ನೆಲ ಎಷ್ಟು ಅಪಾಯಕಾರಿ ಎಂಬುದಕ್ಕೆ ಸೆಜ್‌ಮೂರ್ ಕದನ ಸಾಕ್ಷಿ. 1685ರ ಜುಲೈ 6ರ ನಸುಕಿಗೆ ಮೊದಲು ರಾಜನ ವಿರುದ್ಧ ದಂಗೆಯೆದ್ದ ಮನ್‌ಮತ್ ಡ್ಯೂಕ್ ಬ್ರಿಜ್‌ವಾಟರ್‌ನಿಂದ ತನ್ನ ಪಡೆಯನ್ನು ಕತ್ತಲಲ್ಲಿ ಬಯಲಿಗಿಳಿಸಿದ. ಸ್ಥಳೀಯನಾದ ಗಾಡ್‌ಫ್ರಿ ದಾರಿ ತೋರುತ್ತಿದ್ದ. ಲ್ಯಾಂಗ್‌ಮೂರ್ ಎಂಬ ಕಾಲುವೆಯನ್ನು ಹೇಗೋ ದಾಟಿದರು. ಅಷ್ಟರಲ್ಲಿ ಗುಂಡಿನ ಸದ್ದಾಗಿ ರಾಜನ ಸೈನ್ಯ ಎಚ್ಚೆತ್ತಿತು. ಮುಂದಿನ ಬಸೆಕ್ಸ್ ಕಾಲುವೆಯ ದಾಟು ಕುದುರೆಪಡೆಗೆ ಸಿಗಲಿಲ್ಲ. ಬೆಳಗಾಗುವಷ್ಟರಲ್ಲಿ ದಂಗೆ ಮುಗಿದಿತ್ತು.

ಡ್ರೋವ್‌ಗಳು

ಇಂದಿನ ನಡಿಗೆಯ ಜಾಲಕ್ಕೆ ಬುನಾದಿ ಬಿದ್ದದ್ದು 18ನೆಯ ಶತಮಾನದ ಕೊನೆಯ ಭಾಗದಲ್ಲಿ. ಊರಿನವರೆಲ್ಲ ದನ ಮೇಯಿಸುತ್ತಿದ್ದ ಸಾಮುದಾಯಿಕ ಹುಲ್ಲುಗಾವಲನ್ನು ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಖಾಸಗಿ ಜಮೀನಾಗಿ ಹಂಚಲಾಯಿತು. 1791ರಿಂದ 1795ರ ನಡುವೆ ಕಿಂಗ್ಸ್ ಸೆಜ್‌ಮೂರ್ ಡ್ರೇನ್ ಎಂಬ ಹೆಗ್ಗಾಲುವೆ ತೋಡಿದರು. ಹಂಚಿಕೆಯ ಅಧಿಕಾರಿಗಳು ನಕ್ಷೆಯ ಮೇಲೆ ಗೆರೆ ಎಳೆದಂತೆ ನೇರವಾದ ‘ರೀನ್’ ಎಂಬ ಕಿರುಗಾಲುವೆಗಳನ್ನೂ ಅವುಗಳ ಪಕ್ಕದಲ್ಲಿ ದನ ಹೊಡೆದುಕೊಂಡು ಹೋಗುವ ‘ಡ್ರೋವ್’ ಎಂಬ ದಾರಿಗಳನ್ನೂ ಗೊತ್ತುಪಡಿಸಿದರು. ರೀನ್‌ಗಳು ಚಳಿಗಾಲದಲ್ಲಿ ನೀರು ಹರಿಸುತ್ತವೆ. ಬೇಸಗೆಯಲ್ಲಿ ತೂಬು ಮುಚ್ಚಿ ನೀರು ನಿಲ್ಲಿಸಿದರೆ ಅವೇ ದನಕ್ಕೆ ಕುಡಿಯುವ ನೀರು, ಹೊಲಕ್ಕೆ ಬೇಲಿ.

ಡ್ರೋವ್‌ಗಳಲ್ಲಿ ನಡೆಯುವವರಿಗೆ ಇದರಿಂದ ಒಂದು ತೊಡಕು ಉಂಟು. ಗುರಿ ಎದುರಿಗೇ ಕಾಣುತ್ತಿದ್ದರೂ ನಡುವೆ ಸೇತುವೆಯಿಲ್ಲದ ರೀನ್ ಬಂದರೆ ಬಹುದೂರ ಸುತ್ತಬೇಕು. ಎಷ್ಟೋ ಡ್ರೋವ್‌ಗಳು ಹೊಲದ ಬಾಗಿಲಲ್ಲೇ ಮುಗಿಯುತ್ತವೆ. ಅವು ಊರಿಂದ ಊರಿಗೆ ಹೋಗಲು ಆದವಲ್ಲ, ದನ ಹುಲ್ಲು ತಲುಪಲು ಆದವು.

ಕಾಲುವೆ, ರೈಲು, ಪೀಟ್

1830ರ ದಶಕದಲ್ಲಿ ಗ್ಲಾಸ್ಟನ್‌ಬರಿಗೆ ದೋಣಿ ಕಾಲುವೆ ಬಂತು. ಅದರ ಮಗ್ಗುಲಲ್ಲೇ 1854ರಲ್ಲಿ ಹೈಬ್ರಿಜ್-ಗ್ಲಾಸ್ಟನ್‌ಬರಿ ರೈಲುಹಾದಿ ಸಾಗಿ ಕಾಲುವೆಯ ವ್ಯಾಪಾರ ಕುಸಿಯಿತು. 1966ರಲ್ಲಿ ರೈಲೂ ನಿಂತಿತು. ಅದೇ ಹೊತ್ತಿಗೆ ತೋಟಗಾರಿಕೆಗೆ ಬೇಕಾದ ಪೀಟ್‌ಗಾಗಿ ಯಂತ್ರಗಳ ಅಗೆತ ಹೆಚ್ಚಿತು. ಪೀಟ್ ತೆಗೆದ ಗುಂಡಿಗಳಲ್ಲಿ ಮುಂದೆ ನೀರು ತುಂಬಿ ಜೊಂಡು ಬೆಳೆದು ಶಾಪ್ವಿಕ್ ಹೀತ್, ಹ್ಯಾಮ್ ವಾಲ್, ವೆಸ್ಟ್‌ಹೇ ಮೂರ್ ಪಕ್ಷಿಧಾಮಗಳಾದವು. ಹಳಿ ಕಿತ್ತ ರೈಲುಹಾದಿ ಈಗ ಶಾಪ್ವಿಕ್ ಹೀತ್ ಮತ್ತು ಹ್ಯಾಮ್ ವಾಲ್‌ಗಳ ಮುಖ್ಯ ಕಾಲುದಾರಿ. ಚಳಿಗಾಲದ ಸಂಜೆ ಇಲ್ಲಿ ಗೂಡು ಸೇರುವ ಲಕ್ಷಾಂತರ ಕಬ್ಬಕ್ಕಿಗಳನ್ನು ನೋಡಲು ಜನ ಸೇರುತ್ತಾರೆ. ಬ್ರಿಟನ್ನಿನಲ್ಲಿ ದೊಡ್ಡ ಬೆಳ್ಳಕ್ಕಿ ಮೊದಲ ಬಾರಿಗೆ ಮರಿ ಮಾಡಿದ್ದು 2012ರಲ್ಲಿ, ಶಾಪ್ವಿಕ್ ಹೀತ್‌ನಲ್ಲಿ.

ನಡೆಯುವ ಹಕ್ಕು ಮತ್ತು ಇಂದಿನ ದಾರಿಗಳು

ಖಾಸಗಿ ಜಮೀನಿನ ನಡುವೆ ಹಾದುಹೋಗುವ ಹಳೆಯ ದಾರಿಗಳಿಗೆ ಕಾನೂನಿನ ಬಲ ಬಂದದ್ದು ಮುಖ್ಯವಾಗಿ 1949ರ ರಾಷ್ಟ್ರೀಯ ಉದ್ಯಾನಗಳು ಮತ್ತು ಗ್ರಾಮಾಂತರ ಪ್ರವೇಶ ಕಾಯಿದೆಯಿಂದ. ಅದರಂತೆ ಕೌಂಟಿ ಆಡಳಿತಗಳು ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆ ತಯಾರಿಸಬೇಕಾಯಿತು. ನಕ್ಷೆಗೇರಿದ ದಾರಿಯನ್ನು ಜಮೀನಿನ ಒಡೆಯ ಮುಚ್ಚುವಂತಿಲ್ಲ.

ದೂರದ ನಡಿಗೆಗಳಲ್ಲಿ ಸುಮಾರು 80 ಕಿಲೋಮೀಟರ್ ಉದ್ದದ ಪ್ಯಾರೆಟ್ ನದಿದಾರಿ ಪ್ರಮುಖವಾದುದು. ಡಾರ್ಸೆಟ್‌ನ ಚೆಡಿಂಗ್‌ಟನ್ ಬಳಿ ನದಿಯ ಮೂಲದಿಂದ ಹೊರಟು ಮಚೆಲ್ನಿ, ಲ್ಯಾಂಗ್‌ಪೋರ್ಟ್, ಬರೋಬ್ರಿಜ್, ಬ್ರಿಜ್‌ವಾಟರ್ ಹಾದು ಕಡಲು ಸೇರುತ್ತದೆ. ನದಿಯ ಬಾಯಲ್ಲಿರುವ ಸ್ಟಿಯರ್ಟ್‌ನಲ್ಲಿ 2014ರಲ್ಲಿ ಕಡಲತಡಿಯ ಏರಿಯನ್ನು ಬೇಕೆಂದೇ ಒಡೆದು ಭರತದ ನೀರನ್ನು ಒಳಬಿಟ್ಟರು. ಉಪ್ಪುಜೌಗು ಬೆಳೆಯಲು ಬಿಟ್ಟು, ಕಾಲುದಾರಿಗಳನ್ನು ಒಳಗಿನ ಹೊಸ ಏರಿಗಳಿಗೆ ಸರಿಸಿದರು.

2013-14ರ ಚಳಿಗಾಲದ ನೆರೆಯಲ್ಲಿ ಸುಮಾರು 6,900 ಹೆಕ್ಟೇರ್ ಹೊಲ ತಿಂಗಳಿಗೂ ಮಿಕ್ಕಿ ನೀರಿನಲ್ಲಿತ್ತು. ಮಚೆಲ್ನಿಗೆ ದೋಣಿಯೇ ಗತಿಯಾಯಿತು. ನದಿಯ ಹೂಳೆತ್ತಬೇಕೆಂಬ ರೈತರ ಒತ್ತಾಯಕ್ಕೂ ನೀರಿಗೆ ಜಾಗ ಬಿಡಬೇಕೆಂಬ ಪರಿಸರವಾದಿಗಳ ವಾದಕ್ಕೂ ಅಂದಿನಿಂದ ತಿಕ್ಕಾಟ ನಡೆದೇ ಇದೆ. 2022ರಲ್ಲಿ ಹಲವು ಧಾಮಗಳನ್ನು ಕೂಡಿಸಿ 6,140 ಹೆಕ್ಟೇರಿನ ಒಂದೇ ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿಸಲಾಯಿತು.

ಸ್ವೀಟ್ ಟ್ರ್ಯಾಕ್‌ನ ಒಂದು ತುಂಡು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಮಾರು 500 ಮೀಟರ್ ಭಾಗ ಶಾಪ್ವಿಕ್ ಹೀತ್‌ನ ನೆಲದೊಳಗೇ ಇದೆ. ಪೀಟ್ ಒಣಗಿದರೆ ಗಾಳಿ ಒಳಹೊಕ್ಕು ಮರ ಕೊಳೆಯುತ್ತದೆಂದು 1980ರ ದಶಕದಿಂದ ಅಲ್ಲಿಗೆ ಪಂಪಿನಿಂದ ನೀರು ಹಾಯಿಸಿ ನೆಲವನ್ನು ಹಸಿಯಾಗಿಡಲಾಗುತ್ತಿದೆ. ಕಾಲು ನೆನೆಯದಿರಲೆಂದು ಕಟ್ಟಿದ ದಾರಿಯ ಉಳಿವು ಈಗ ನೀರನ್ನೇ ಅವಲಂಬಿಸಿದೆ.