ಆತುರಶಾಲೆಯಲ್ಲಿ ಕಥಕರು: ಕೋಡಿಯ ಮಠದ ಶಾಸನವನ್ನು ಕುರಿತು ಒಂದು ವಿಚಾರ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹದಿನೈದನೆಯದು ಉಪಕಲ್ಪನೀಯಾಧ್ಯಾಯವು. ವಮನ ವಿರೇಚನಗಳಿಗೆ ತೊಡಗುವ ಮುನ್ನ ವೈದ್ಯನು ಅಣಿಮಾಡಿಕೊಳ್ಳಬೇಕಾದ ಗೃಹ, ಶಯನ, ಪಾತ್ರೆ, ಪರಿಜನಗಳ ವಿವರವು ಅಲ್ಲಿ ಬಂದಿದೆ. ಅಡುಗೆಯವನು, ಮೀಯಿಸುವವನು, ಮೈಯೊತ್ತುವವನು, ರೋಗಿಯನ್ನು ಎತ್ತಿ ಕುಳ್ಳಿರಿಸುವವನು, ಔಷಧವನ್ನು ಅರೆಯುವವನು ಎಂದು ಎಣಿಸುತ್ತ ಬಂದ ಆಚಾರ್ಯನು, ಒಡನೆಯೇ ಗೀತವಾದ್ಯಗಳಲ್ಲಿಯೂ ಶ್ಲೋಕ, ಗಾಥೆ, ಆಖ್ಯಾಯಿಕೆ, ಇತಿಹಾಸ, ಪುರಾಣಗಳಲ್ಲಿಯೂ ಕುಶಲರಾದವರು ರೋಗಿಯ ಬಳಿಯಲ್ಲಿರಬೇಕೆಂದು ವಿಧಿಸುವನು. ಇವರು ರೋಗಿಯ ಅಭಿಪ್ರಾಯವನ್ನು ಅರಿಯಬಲ್ಲವರೂ ದೇಶಕಾಲಗಳನ್ನು ಬಲ್ಲವರೂ ಆಗಿರಬೇಕಂತೆ. ಆಯುರ್ವೇದವನ್ನು ಪಾಠ ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಬೇಗನೆ ದಾಟಿಬಿಡುವರು. ನಾನು ಪಾಠಶಾಲೆಯಲ್ಲಿ ಓದಿದಾಗಲೂ ಹಾಗೆಯೇ ಆಯಿತು.

ಆದರೆ ಅದೇ ಅಧ್ಯಾಯದಲ್ಲಿ ಒಂದು ನಿಯಮವಿದೆ. ಈ ಸಂಭಾರವೆಲ್ಲ ರಾಜನಿಗೆ, ರಾಜಸಮಾನನಿಗೆ, ಇಲ್ಲವೆ ವಿಪುಲದ್ರವ್ಯವುಳ್ಳವನಿಗೆ. ದರಿದ್ರನಾದರೋ ದೊರೆತುದರಿಂದಲೇ ಚಿಕಿತ್ಸೆಯನ್ನು ಮಾಡಿಸಿಕೊಳ್ಳತಕ್ಕದ್ದು. ಹಾಗಾದರೆ ರೋಗಿಯ ಬಳಿ ಕಥೆ ಹೇಳುವವನೂ ಹಾಡುವವನೂ ಧನಿಕರ ಭೋಗಸಾಮಗ್ರಿಯೇ ಸರಿಯೆ? ಬಡವನ ಕಾಯಿಲೆಗೆ ಮದ್ದು ಮಾತ್ರ ಸಾಕೆ? ಈ ಪ್ರಶ್ನೆಗೆ ಉತ್ತರವು ಸಂಹಿತೆಗಳಲ್ಲಿ ದೊರೆಯದಿದ್ದರೂ ಕನ್ನಡನಾಡಿನ ಒಂದು ಶಾಸನದಲ್ಲಿ ದೊರೆಯುವಂತಿದೆ.

ಅದನ್ನು ಮೊದಲು ನಮ್ಮ ನೆರೆಯಲ್ಲಿಯೇ ಅರಸುವುದು ಸಹಜವು. ಮುದನಾಳಕ್ಕೆ ಬಹುದೂರವಲ್ಲದ, ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದಿತು. ಅಲ್ಲಿಯ ೧೦೫೮ನೆಯ ಇಸವಿಯ ಶಾಸನದಲ್ಲಿ ವೇದಶಾಸ್ತ್ರಗಳ ಅಧ್ಯಾಪಕರೂ ಆರು ಮಂದಿ ಸರಸ್ವತೀಭಂಡಾರಿಗರೂ ಉಕ್ತರಾಗಿರುವರು. ಪುಸ್ತಕಗಳನ್ನು ಕಾಯಲು ಆರು ಮಂದಿ! ಅದು ವಿದ್ಯೆಯ ಮನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಪ್ರಶ್ನೆಗೆ ಬೇಕಾದ ಸಾಕ್ಷ್ಯವು ಮಲೆನಾಡಿನ ಅಂಚಿನ ಬಳ್ಳಿಗಾವೆಯಲ್ಲಿರುವುದು.

ಬಳ್ಳಿಗಾವೆಯ ಕೋಡಿಯ ಮಠವು ದಕ್ಷಿಣಕೇದಾರೇಶ್ವರನ ದೇವಾಲಯಕ್ಕೆ ಸೇರಿದ ಕಾಳಾಮುಖರ ಸ್ಥಾನವು. ಕಳಚುರ್ಯ ಬಿಜ್ಜಳನ ಆಳ್ವಿಕೆಯ ೧೧೬೨ನೆಯ ಇಸವಿಯ ಶಾಸನವನ್ನು ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ೧೦೨ ಎಂಬ ಸಂಖ್ಯೆಯಿಂದ ಪ್ರಕಟಿಸಿರುವರು. ಶಾಸನಕವಿಯು ಮಠವನ್ನು ವರ್ಣಿಸುವ ಕ್ರಮವು ಗಮನಾರ್ಹವು. ಅದು ಸಾಂಗವಾದ ನಾಲ್ಕು ವೇದಗಳ ಅಧ್ಯಯನದ ಸ್ಥಾನ. ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನದ ಸ್ಥಾನ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳಲ್ಲದೆ ಬೌದ್ಧದರ್ಶನವನ್ನೂ ಸೇರಿಸಿಕೊಂಡು ನಡೆಯುವ ವಿಚಾರದ ಸ್ಥಾನ. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ಸ್ಥಾನ. ಇಲ್ಲಿಗೆ ನಿಲ್ಲದೆ ಶಾಸನವು ಮುಂದುವರಿಯುವುದು: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಂಬಿವರಿಗೂ, ಕಥಕರು, ಗಾಯಕರು, ವಾದಕರು, ಕೊಳಲೂದುವವರು, ನರ್ತಕರು ಎಂಬಿವರಿಗೂ, ಬಗೆಬಗೆಯ ಸನ್ಯಾಸಿಗಳಿಗೂ ಅದು ಅನ್ನದಾನದ ಸ್ಥಾನ. ಅದರ ಬೆನ್ನಿಗೇ ಅನಾಥರಾದ ನಾನಾ ರೋಗಿಗಳಿಗೆ ಭೈಷಜ್ಯದ ಸ್ಥಾನ. ಕಡೆಯಲ್ಲಿ ಸಕಲಭೂತಗಳಿಗೆ ಅಭಯದ ಸ್ಥಾನ.

ಚರಕನ ಪಟ್ಟಿಯನ್ನು ಇದರ ಮಗ್ಗುಲಲ್ಲಿಟ್ಟು ನೋಡಿದರೆ ಸಾಮ್ಯವು ಸ್ಪಷ್ಟವಾಗಿದೆ. ಧನಿಕನ ಮನೆಗೆ ಕರೆತರಬೇಕೆಂದು ಚರಕನು ಹೇಳಿದ ಹಾಡುಗಾರನೂ ಕಥೆಗಾರನೂ ಇಲ್ಲಿ ದಿಕ್ಕಿಲ್ಲದ ರೋಗಿಯು ಮಲಗಿದ ಆವರಣದಲ್ಲಿಯೇ ಉಣ್ಣುತ್ತಿರುವರು. ಇವರು ರೋಗಿಗಳ ಮುಂದೆ ಹಾಡಿದರೆಂದು ಶಾಸನದಲ್ಲಿ ಹೇಳಿಲ್ಲ. ಹೇಳಿದೆಯೆಂದು ನಾವು ಸಾಧಿಸಹೊರಡಬಾರದು. ಒಂದೇ ಛಾವಣಿಯ ಕೆಳಗಿದ್ದರೆಂಬುದಷ್ಟೇ ಸಿದ್ಧವಾದ ಸಂಗತಿಯು. ಆದರೂ ಕಾವ್ಯವನ್ನು ಓದುವ ವಿದ್ಯಾರ್ಥಿಯು ಅಂಗಳವನ್ನು ದಾಟುವಾಗ ನರಳುವವನ ದನಿಯನ್ನು ಕೇಳದೆ ಹೋಗಲಾರನು, ಮದ್ದು ಅರೆಯುವವನ ಕಿವಿಗೆ ಪುರಾಣದ ಮಾತು ಬೀಳದೆ ಇರಲಾರದು ಎಂಬ ಅನುಮಾನಕ್ಕೆ ಎಡೆಯುಂಟು. ವಿದ್ಯಾಸ್ಥಾನವೂ ವೈದ್ಯಸ್ಥಾನವೂ ಒಂದಾಗಿರುವುದು ಬಳ್ಳಿಗಾವೆಯೊಂದರ ವಿಶೇಷವೇನೂ ಅಲ್ಲ. ವೀರರಾಜೇಂದ್ರ ಚೋಳನ ಕಾಲದ ತಿರುಮುಕ್ಕೂಡಲ್ ಶಾಸನದಲ್ಲಿ ವೇದಪಾಠಶಾಲೆಯೊಡನೆ ೧೫ ಹಾಸಿಗೆಗಳ ಆತುರಶಾಲೆಯೂ, ೧೨೬೧ನೆಯ ಇಸವಿಯ ಮಲ್ಕಾಪುರಂ ಶಾಸನದಲ್ಲಿ ಮಠ ವಿದ್ಯಾಲಯಗಳೊಡನೆ ಪ್ರಸೂತಿಶಾಲೆಯೂ ಆರೋಗ್ಯಶಾಲೆಯೂ ಹೇಳಲ್ಪಟ್ಟಿವೆ. ಕಥಕರನ್ನೂ ಕುರುಡರನ್ನೂ ಒಂದೇ ಉಸಿರಿನಲ್ಲಿ ಎಣಿಸುವುದು ಮಾತ್ರ ಕೋಡಿಯ ಮಠದ ಶಾಸನದ ಸೊಗಸು.

ಕನ್ನಡದಲ್ಲಿ ವೈದ್ಯನೂ ಕವಿಯೂ ಒಬ್ಬನೇ ಆಗಿದ್ದುದನ್ನು ವಾಚಕರು ಬಲ್ಲರು. ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿದ ಜಗದ್ದಳ ಸೋಮನಾಥನು, ಗೋವೈದ್ಯವನ್ನು ಬರೆದ ಕೀರ್ತಿವರ್ಮನು, ವಿಷಚಿಕಿತ್ಸೆಯನ್ನು ‘ಖಗೇಂದ್ರಮಣಿದರ್ಪಣ’ದ ಪದ್ಯಗಳಲ್ಲಿ ತಂದ ಮಂಗರಾಜನು, ಇವರನ್ನು ಮತ್ತೆ ವಿಸ್ತರಿಸಬೇಕಾಗಿಲ್ಲ. ಬಳ್ಳಿಗಾವೆಯ ಶಾಸನದ ಕಾಲದವನೇ ಆದ ವೈದ್ಯ ಸಂಗಣ್ಣನು ತನ್ನ ವೃತ್ತಿಯ ಮಾತುಗಳನ್ನೇ ವಚನಗಳಿಗೆ ತಂದನು. ಇವರೆಲ್ಲರೂ ಸಂಸ್ಕೃತದಲ್ಲಿದ್ದ ವಿದ್ಯೆಯನ್ನು ರೋಗಿಯಾಡುವ ಭಾಷೆಗೆ ಇಳಿಸಿದರೆಂಬುದು ನನ್ನ ಅಭಿಪ್ರಾಯದಲ್ಲಿ ಇವರ ಕವಿತ್ವಕ್ಕಿಂತಲೂ ದೊಡ್ಡ ಉಪಕಾರವು.

ಏಕೆಂದರೆ ಚರಕನು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ, ರೋಗಿಗೆ ಇರಬೇಕಾದ ಗುಣಗಳಲ್ಲಿ ಸ್ಮೃತಿ, ವಿಧೇಯತೆ, ನಿರ್ಭಯತೆಗಳೊಡನೆ ‘ಜ್ಞಾಪಕತ್ವ’ವನ್ನೂ ಸೇರಿಸಿರುವನು. ತನ್ನ ರೋಗವನ್ನು ತಿಳಿಯಹೇಳುವ ಶಕ್ತಿಯೇ ಜ್ಞಾಪಕತ್ವವು. ರೋಗಿಯು ಹೇಳಬಲ್ಲನು ಸರಿ. ಕೇಳುವವನಿಗೆ ಆ ಮಾತು ತಿಳಿಯದಿದ್ದರೆ ಆ ಗುಣದಿಂದ ಫಲವೇನು?

ಇದು ಕೇವಲ ಶಾಸ್ತ್ರಾರ್ಥವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಮುದುಕಿಯೊಬ್ಬಳೊಡನೆ ಪಟ್ಟಣದ ಆಸ್ಪತ್ರೆಯೊಂದಕ್ಕೆ ನಾನು ಹೋಗಬೇಕಾಯಿತು. ತರುಣನಾದ ವೈದ್ಯನು ಸೌಜನ್ಯದಿಂದಲೇ “ಏನಾಗ್ತಿದೆ ಅಜ್ಜಿ?” ಎಂದು ಕೇಳಿದನು. ಆಕೆ “ಹೊಟ್ಟಿ ಕಡೀಲಾಕತ್ಯಾದ ಯಪ್ಪಾ” ಎಂದಳು. ಆತನು ದಕ್ಷಿಣದ ಜಿಲ್ಲೆಯವನು. ಅಲ್ಲಿ ಮೈ ಕಡಿತವೆಂದರೆ ನವೆಯು. ಹೊಟ್ಟೆಯ ಮೇಲಿನ ಚರ್ಮವನ್ನು ನೋಡಿ, ಲೇಪಿಸಲು ಮುಲಾಮನ್ನು ಬರೆದನು. ನಮ್ಮ ಸೀಮೆಯಲ್ಲಿ ನವೆಗೆ ‘ತಿಂಡಿ’ ಎನ್ನುವರು. ‘ಕಡಿಯುವುದು’ ಎಂದರೆ ಒಳಗೆ ಮುರಿಯುವಂಥ ನೋವು. ನಾನು ಬಾಯಿಹಾಕುವಷ್ಟರಲ್ಲಿ, ನೆಲ ಒರಸುತ್ತಿದ್ದ ಹೆಂಗಸು ನಕ್ಕು, “ಒಳಗ ಬ್ಯಾನಿ ಅಂತರಿ ಸಾಹೇಬ್ರ” ಎಂದು ತಿದ್ದಿದಳು. ಆ ವೈದ್ಯನು ನಾಚದೆ ಚೀಟಿಯನ್ನು ಹರಿದು ಮತ್ತೆ ಪರೀಕ್ಷೆಗೆ ತೊಡಗಿದುದನ್ನು ಆತನ ಗುಣವೆಂದೇ ಹೇಳಬೇಕು. ಚರಕನು ಹೇಳಿದ ಅಭಿಪ್ರಾಯಜ್ಞನು ಆ ದಿನ ಪೊರಕೆ ಹಿಡಿದು ನಿಂತಿದ್ದನೆಂದು ನನಗೆ ತೋರಿತು.

ವೈದ್ಯಕ್ಕೆ ಸಾಹಿತ್ಯಾದಿ ವಿದ್ಯೆಗಳು ಬೇಕೆಂಬ ಮಾತು ಪಶ್ಚಿಮದಲ್ಲಿಯೂ ಬೆಳೆದಿದೆ. ಪ್ರಸಿದ್ಧ ವೈದ್ಯರಾದ ವಿಲಿಯಂ ಆಸ್ಲರರು ೧೯೧೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣವೇ ಪ್ರಾಚೀನಸಾಹಿತ್ಯಕ್ಕೂ ನೂತನವಿಜ್ಞಾನಕ್ಕೂ ಇರಬೇಕಾದ ಸಂಬಂಧವನ್ನು ಕುರಿತದ್ದು. ಇದನ್ನು ಕೇಳಿದೊಡನೆ ‘ಇದೆಲ್ಲ ನಮ್ಮಲ್ಲಿ ಮೊದಲೇ ಇದ್ದಿತು’ ಎಂದು ಹೆಮ್ಮೆಪಡುವ ಪಂಡಿತರು ನಮ್ಮಲ್ಲಿ ಉಂಟು. ಇದ್ದಿತು, ನಿಜ, ಇದ್ದುದು ತಪ್ಪಿಹೋದುದಕ್ಕೆ ಹೊಣೆ ಯಾರೆಂಬುದನ್ನು ಅವರು ಕೇಳಿಕೊಳ್ಳುವುದಿಲ್ಲ. ನಾವು ವೈದ್ಯಗ್ರಂಥಗಳನ್ನು ಛಂದಸ್ಸಿಗಾಗಿ ಓದಿದೆವು. ಅವುಗಳಲ್ಲಿಯ ನೋವಿನ ಹೆಸರುಗಳನ್ನು ಕೋಶಕ್ಕೆ ಸೇರಿಸಿ ಕೈತೊಳೆದುಕೊಂಡೆವು.

ಭಾರತದ ವೈದ್ಯವಿದ್ಯಾರ್ಥಿಗಳಿಗೆ ೨೦೧೯ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನ ಎಂಬುದು ಪ್ರತ್ಯೇಕವಾದ ಅಂಗವಾಗಿದೆ. ಮೊದಲಿನ ಪೀಠಿಕಾಭಾಗದಲ್ಲಿ ಸ್ಥಳೀಯಭಾಷೆಯ ಅಭ್ಯಾಸವೂ ಸೇರಿದೆ. ಯಾದಗಿರಿಯಲ್ಲಿಯೂ ಈಗ ಸರಕಾರದ ವೈದ್ಯವಿದ್ಯಾಲಯವಿದೆ. ಹೊರನಾಡಿನಿಂದ ಬಂದ ವಿದ್ಯಾರ್ಥಿಯು ಅಲ್ಲಿ ಕಲಿಯುವ ಕನ್ನಡವು ಯಾವುದು? ಪತ್ರಿಕೆಯ ಕನ್ನಡವಾದರೆ, ಸುರಪುರದ ಹೊಲದಿಂದ ಬಂದ ರೋಗಿಯ ಮುಂದೆ ಅದು ನಿಲ್ಲಲಾರದು. ಇದು ಭಾಷಾಧ್ಯಾಪಕರ ಕೆಲಸವೇ ಹೊರತು ವೈದ್ಯರದಲ್ಲ.

ಈ ಕಾರಣದಿಂದ ಮುದನಾಳ, ಶಹಾಪುರ, ಸುರಪುರಗಳ ಸುತ್ತಣ ರೋಗವಾಚಕಪದಗಳನ್ನು ಸಂಗ್ರಹಿಸತೊಡಗಿರುವೆನು. ‘ಜಡ್ಡು’ ಕಾಯಿಲೆಗೆ ಸಾಮಾನ್ಯನಾಮವು. ‘ಬ್ಯಾನಿ’ ನೋವು, ಹೆರಿಗೆಯ ಪ್ರಸಂಗದಲ್ಲಿ ಬೇರೆ ವಿಶೇಷಣವಿಲ್ಲದೆ ಅದೇ ಹೆರಿಗೆನೋವು. ತಲೆಗೆ ‘ಸಿಡಿತ’, ಹೊಟ್ಟೆಗೆ ‘ಕಡಿತ’, ಕೈಕಾಲುಗಳಿಗೆ ‘ಹರಿತ’ ಎಂದು ಅಂಗಕ್ಕೆ ತಕ್ಕಂತೆ ಕ್ರಿಯಾಪದವೇ ಬದಲಾಗುವುದು. ವಾಗ್ಭಟನು ವಾತದ ಕರ್ಮಗಳಲ್ಲಿ ತೋದ, ಭೇದ, ಅಂಗಭಂಗ ಎಂದು ವಿಂಗಡಿಸಿರುವುದಕ್ಕೂ ಇವುಗಳಿಗೂ ಎಲ್ಲೆಲ್ಲಿ ಹೊಂದಿಕೆಯಿದೆಯೆಂದು ನೋಡಬೇಕಾಗಿದೆ. ‘ಜೀವ ಕಸಿವಿಸಿ’ ಎಂಬುದಕ್ಕೆ ಮಾತ್ರ ಸಂಸ್ಕೃತದಲ್ಲಿ ಸಮಪದವು ನನಗೆ ಇನ್ನೂ ಹೊಳೆದಿಲ್ಲ. ಬಲ್ಲವರು ತಿಳಿಸಬೇಕಾಗಿ ಪ್ರಾರ್ಥನೆ.