ಖಾನಾವಳಿ

ಖಾನಾವಳಿ ಎಂಬುದು ಉತ್ತರ ಕರ್ನಾಟಕದ ಊರು ಮತ್ತು ಪಟ್ಟಣಗಳಲ್ಲಿ ಹಣ ಪಡೆದು ಮನೆಯೂಟದ ಮಾದರಿಯ ಪೂರ್ಣ ಭೋಜನವನ್ನು ಬಡಿಸುವ ಸ್ಥಳ. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿಯೂ ಕಲ್ಯಾಣ ಕರ್ನಾಟಕದ ಭಾಗದಲ್ಲಿಯೂ ಇವು ಕಂಡುಬರುತ್ತವೆ. ಇಡ್ಲಿ, ದೋಸೆ, ಚಹಾಗಳನ್ನು ದಿನವಿಡೀ ಒದಗಿಸುವ ಉಪಾಹಾರ ಮಂದಿರಕ್ಕೂ ಖಾನಾವಳಿಗೂ ವ್ಯತ್ಯಾಸವಿದೆ. ಖಾನಾವಳಿಯಲ್ಲಿ ಮಧ್ಯಾಹ್ನ ಮತ್ತು ರಾತ್ರಿ ಹೊತ್ತಿಗೆ ಸರಿಯಾಗಿ ಊಟ ಮಾತ್ರ ದೊರೆಯುತ್ತದೆ. ಜೋಳದ ರೊಟ್ಟಿ ಅದರ ಮುಖ್ಯ ಭಾಗ. ಸಸ್ಯಾಹಾರದ ಲಿಂಗಾಯತ ಖಾನಾವಳಿಗಳು ಮತ್ತು ಮಾಂಸಾಹಾರದ ಸಾವಜಿ ಖಾನಾವಳಿಗಳು ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ಎರಡು ಬಗೆಗಳು.

ಹೆಸರು

ಈ ಪದವು ಮರಾಠಿಯ 'ಖಾಣಾವಳ' ಎಂಬುದರಿಂದ ಬಂದಿದೆ. ಅದರ ಮೂಲದಲ್ಲಿರುವುದು 'ತಿನ್ನು' ಎಂಬ ಅರ್ಥದ 'ಖಾಣೆ' ಎಂಬ ಮರಾಠಿ ಕ್ರಿಯಾಪದ. ಇಂದಿನ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ಉತ್ತರ ಕನ್ನಡ ಪ್ರದೇಶಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಕಚೇರಿ, ಪೇಟೆ ಮತ್ತು ಪ್ರಯಾಣಕ್ಕೆ ಸಂಬಂಧಿಸಿದ ಅನೇಕ ಮರಾಠಿ ಪದಗಳಂತೆ ಇದೂ ಈ ಭಾಗದ ಕನ್ನಡದಲ್ಲಿ ನೆಲೆಯೂರಿತು. ಹಳೆಯ ಮೈಸೂರು ಭಾಗದಲ್ಲಿ ಇದೇ ಬಗೆಯ ಸ್ಥಳಕ್ಕೆ 'ಮೆಸ್' ಅಥವಾ 'ಊಟದ ಹೋಟೆಲು' ಎನ್ನುವುದು ರೂಢಿ.

ಹಿನ್ನೆಲೆ

ಹಣ ಕೊಟ್ಟು ಅನ್ನ ಉಣ್ಣುವುದು ಈ ನಾಡಿನಲ್ಲಿ ಬಹಳ ಹಳೆಯ ಪದ್ಧತಿಯಲ್ಲ. ಪ್ರಯಾಣಿಕರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಬೀಗರ ಮನೆಯಲ್ಲಿ, ಮಠದ ದಾಸೋಹದಲ್ಲಿ ಅಥವಾ ಛತ್ರದಲ್ಲಿ ಉಳಿಯುತ್ತಿದ್ದರು. ಓದಲು ಪಟ್ಟಣಕ್ಕೆ ಬಂದ ಬಡ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು. ಲಿಂಗಾಯತ ವಿದ್ಯಾರ್ಥಿಗಳಿಗೆ ಧಾರವಾಡದ ಮುರುಘಾಮಠದಂತಹ ಮಠಗಳ ಪ್ರಸಾದ ನಿಲಯಗಳು ಆಸರೆಯಾದವು. ರೈಲು, ನ್ಯಾಯಾಲಯ, ಹತ್ತಿಯ ಪೇಟೆ ಮತ್ತು ಕಾಲೇಜುಗಳು ಬಂದಂತೆ ಈ ಏರ್ಪಾಡುಗಳಿಗೆ ನಿಲುಕದ ಒಂದು ದೊಡ್ಡ ಜನವರ್ಗ ಹುಟ್ಟಿಕೊಂಡಿತು: ವ್ಯಾಜ್ಯಕ್ಕೆ ಬಂದ ರೈತ, ಹತ್ತಿ ಮಾರಲು ಬಂದವನು, ಬಾಡಿಗೆ ಕೋಣೆಯ ಗುಮಾಸ್ತ, ಮನೆಯಿಂದ ದೂರವಿರುವ ವಿದ್ಯಾರ್ಥಿ. ಖಾನಾವಳಿ ಇವರ ಅಗತ್ಯದಿಂದ ಬೆಳೆಯಿತು.

ಹೋಟಗಿ–ಗದಗ ರೈಲು ಮಾರ್ಗವು 1880ರ ದಶಕದಲ್ಲಿ ಮೀಟರ್ ಗೇಜ್ ಮಾರ್ಗವಾಗಿ ತೆರೆಯಿತು. ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಹಾದು ಬರುವ ಈ ಮಾರ್ಗದಲ್ಲಿ ರೋಣ ತಾಲ್ಲೂಕಿನ ಹೊಳೆಆಲೂರು ಒಂದು ನಿಲ್ದಾಣ. ಮಲಪ್ರಭೆಯ ಸಮೀಪದ ಈ ಊರಿನಂತಹ ಸಣ್ಣ ನಿಲ್ದಾಣಗಳ ಜನರಿಗೆ ಗದಗ ಮತ್ತು ಹುಬ್ಬಳ್ಳಿಗಳು ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ದೂರಕ್ಕೆ ಬಂದವು. ಅಂತಹ ಪ್ರಯಾಣದಲ್ಲಿ ಒಂದು ಹೊತ್ತಿನ ಊಟ ಪಟ್ಟಣದಲ್ಲಿಯೇ ಆಗಬೇಕು. ನಿಲ್ದಾಣ, ಬಸ್ ನಿಲ್ದಾಣ, ನ್ಯಾಯಾಲಯ ಮತ್ತು ಕೃಷಿ ಮಾರುಕಟ್ಟೆಯ ಸುತ್ತಲೇ ಖಾನಾವಳಿಗಳು ಗುಂಪಾಗಿರುವುದಕ್ಕೆ ಇದೇ ಕಾರಣ.

ಮುಂಬಯಿಯ ಬಟ್ಟೆ ಗಿರಣಿಗಳ ಸುತ್ತ ಬೆಳೆದ ಖಾಣಾವಳಗಳು ಇದೇ ಕುಟುಂಬಕ್ಕೆ ಸೇರಿದವು. ಅಲ್ಲಿ ಊರಿನಿಂದ ಒಂಟಿಯಾಗಿ ಬಂದ ಕಾರ್ಮಿಕರಿಗೆ ಮಹಿಳೆಯರು ತಮ್ಮ ಚಿಕ್ಕ ಕೋಣೆಗಳಲ್ಲಿಯೇ ಅಡುಗೆ ಮಾಡಿ, ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ದಿನಸಿಗಾಗಿ ಸಾಹುಕಾರರ ಬಡ್ಡಿಗೆ ಸಿಲುಕಿದ್ದ ಈ ಮಹಿಳೆಯರನ್ನು ಸಂಘಟಿಸಿ ಪ್ರೇಮಾ ಪುರಾವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಕಾರ್ಮಿಕರೊಂದಿಗೆ ಆ ಖಾಣಾವಳಗಳೂ ಕಡಿಮೆಯಾದವು. ಉತ್ತರ ಕರ್ನಾಟಕದ ಖಾನಾವಳಿ ಒಂದೇ ಉದ್ಯಮವನ್ನು ಅವಲಂಬಿಸಿರಲಿಲ್ಲವಾದ್ದರಿಂದ ಅದಕ್ಕೆ ಅಂತಹ ಹಠಾತ್ ಹೊಡೆತ ಬೀಳಲಿಲ್ಲ.

ಊಟ

ಖಾನಾವಳಿಯ ತಟ್ಟೆಯಲ್ಲಿ ಜೋಳದ ರೊಟ್ಟಿ (ಬಿಸಿ ಅಥವಾ ಕಡಕ್), ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ, ಹಿಂಡಿ ಎಂದು ಕರೆಯುವ ಒಣ ಚಟ್ನಿ, ಮೊಸರು ಮತ್ತು ಹಸಿ ತರಕಾರಿ ಇರುತ್ತವೆ. ಬದನೆಕಾಯಿಯ ಎಣ್ಣೆಗಾಯಿ, ಕಡಲೆ ಹಿಟ್ಟಿನ ಝುಣಕ, ಪುಂಡಿಪಲ್ಯ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯಗಳು ಸರದಿಯಂತೆ ಬದಲಾಗುತ್ತವೆ. ಹಿಂಡಿಯಲ್ಲಿ ಶೇಂಗಾ, ಗುರೆಳ್ಳು ಮತ್ತು ಅಗಸೆ ಎಂಬ ಮೂರು ಬಗೆಗಳು ಸಾಮಾನ್ಯ. ಹಣ್ಣು ಮೆಣಸಿನಕಾಯಿಯ ರಂಜಕವನ್ನು ಕೇಳಿದವರಿಗೆ ಬಡಿಸುತ್ತಾರೆ. ಈರುಳ್ಳಿ, ಸೌತೆಕಾಯಿ, ಮೂಲಂಗಿ ಮತ್ತು ಹಸಿ ಮೆಂತ್ಯದ ಸೊಪ್ಪನ್ನು ಬೇಯಿಸದೆಯೇ ರೊಟ್ಟಿಯ ಜೊತೆ ಕಡಿದು ತಿನ್ನುವುದು ರೂಢಿ. ರೊಟ್ಟಿಯ ನಂತರ ಅನ್ನ, ಸಾರು, ಮಜ್ಜಿಗೆ. ದಕ್ಷಿಣದ ಊಟಕ್ಕೆ ಒಗ್ಗಿದವರಿಗೆ ಅನ್ನವು ಊಟದ ಕೊನೆಯ ಚಿಕ್ಕ ಭಾಗವಾಗಿ ಬರುವುದು ವಿಚಿತ್ರವೆನಿಸಬಹುದು. ಇಲ್ಲಿ ಹೊಟ್ಟೆ ತುಂಬಿಸುವುದು ರೊಟ್ಟಿಯ ಕೆಲಸ.

ತಿನಿಸುಗಳ ಪಟ್ಟಿ ಇರುವ ಖಾನಾವಳಿ ವಿರಳ. ಆ ದಿನ ಏನು ಮಾಡಿದೆಯೋ ಅದೇ ಊಟ. ಹಳೆಯ ಪದ್ಧತಿಯಲ್ಲಿ ಒಂದೇ ದರಕ್ಕೆ ಸಾಕೆನ್ನುವವರೆಗೆ ಬಡಿಸುತ್ತಿದ್ದರು. ಈಗ ಹಲವೆಡೆ ಎರಡು ಅಥವಾ ಮೂರು ರೊಟ್ಟಿಗೆ ಒಂದು ದರ, ಮೇಲಿನ ಪ್ರತಿ ರೊಟ್ಟಿಗೆ ಬೇರೆ ದರ. ಖಾಯಂ ಗಿರಾಕಿಗಳಿಗೆ ತಿಂಗಳ ಖಾತೆ ಅಥವಾ ಚೀಟಿಯ ಪುಸ್ತಕ ಇರುತ್ತದೆ. ಊಟವನ್ನು ಡಬ್ಬಿಯಲ್ಲಿ ಕೋಣೆಗೆ ತರಿಸಿಕೊಳ್ಳುವವರೂ ಉಂಟು. ಧಾರವಾಡದ ಬಸಪ್ಪ ಖಾನಾವಳಿ ಈ ಬಗೆಯ ಸಸ್ಯಾಹಾರಿ ಊಟಕ್ಕೆ ಹೆಸರಾದ ಹಳೆಯ ಸ್ಥಳಗಳಲ್ಲಿ ಒಂದು.

ರೊಟ್ಟಿ ಬಡಿಯುವ ಕೆಲಸ

ಖಾನಾವಳಿಯ ಕೀರ್ತಿ ರೊಟ್ಟಿಯನ್ನು ಅವಲಂಬಿಸಿದೆ. ರೊಟ್ಟಿಯು ಅದನ್ನು ಬಡಿಯುವ ಮಹಿಳೆಯನ್ನು ಅವಲಂಬಿಸಿದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು. ಬಿಸಿಗೆ ಪಿಷ್ಟ ಮೆತ್ತಗಾಗಿ ಹಿಟ್ಟು ಒಂದುಗೂಡುತ್ತದೆ. ಉಂಡೆಯನ್ನು ಹಿಟ್ಟು ಉದುರಿಸಿದ ಮಣೆಯ ಮೇಲಿಟ್ಟು ಅಂಗೈಯಿಂದ ಬಡಿಯುತ್ತ ತಿರುಗಿಸುತ್ತಾರೆ. ಕಾದ ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವ ಮೊದಲೇ ಮಗುಚಬೇಕು. ಹಿಟ್ಟು ಹಳೆಯದಾದರೆ ರೊಟ್ಟಿಯ ಅಂಚು ಒಡೆಯುತ್ತದೆ. ಹಿಂಗಾರಿನ ಬಿಳಿ ಜೋಳವೇ, ಅದರಲ್ಲಿಯೂ ಎಂ 35-1 ಎಂಬ ಮಾಲದಂಡಿ ತಳಿಯೇ, ರೊಟ್ಟಿಗೆ ಉತ್ತಮವೆಂದು ಹೆಸರಾಗಿದೆ. ಗದಗ ಮತ್ತು ರೋಣದ ಎರೆ ಭೂಮಿ ಇದಕ್ಕೆ ಒಗ್ಗಿದ ನೆಲ. ಆದರೆ ಅಲ್ಲಿ ಹಿಂಗಾರಿನಲ್ಲಿ ಕಡಲೆಯೂ ದೊಡ್ಡ ಬೆಳೆಯಾಗಿರುವುದರಿಂದ ಜೋಳದ ದರದ ಏರಿಳಿತ ನೇರವಾಗಿ ಖಾನಾವಳಿಯ ತಟ್ಟೆಗೆ ತಾಗುತ್ತದೆ.

ಮಧ್ಯಾಹ್ನದ ಒಂದು ಹೊತ್ತಿಗೆ ನೂರಾರು ರೊಟ್ಟಿಗಳು ಬೇಕಾಗುತ್ತವೆ. ಒಲೆಯ ಹೊಗೆ, ಹಂಚಿನ ಕಾವು, ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತಿರುವ ಶ್ರಮ, ಭುಜ ಮತ್ತು ಮಣಿಕಟ್ಟಿನ ನೋವು ಈ ಕೆಲಸದ ಭಾಗಗಳು. ಖಾನಾವಳಿಯ ಹೆಸರು ಸಾಮಾನ್ಯವಾಗಿ ಮಾಲೀಕನದು, ಮಠದ್ದು ಅಥವಾ ದೇವರದು. ರೊಟ್ಟಿ ಬಡಿಯುವವರ ಹೆಸರು ಫಲಕದಲ್ಲಿ ಕಾಣುವುದು ಅಪರೂಪ. ಇತ್ತೀಚೆಗೆ ಮಹಿಳಾ ಸ್ವಸಹಾಯ ಸಂಘಗಳು ಕಡಕ್ ರೊಟ್ಟಿಯನ್ನು ತಯಾರಿಸಿ ಖಾನಾವಳಿಗಳಿಗೂ ಅಂಗಡಿಗಳಿಗೂ ಒದಗಿಸುತ್ತಿವೆ. ಒಣಗಿಸಿದ ಈ ರೊಟ್ಟಿ ವಾರಗಟ್ಟಲೆ ಕೆಡದೆ ಉಳಿಯುವುದರಿಂದ ದೂರದ ಊರುಗಳಿಗೂ ಹೋಗುತ್ತದೆ. ರೊಟ್ಟಿ ಯಂತ್ರಗಳೂ ಬಂದಿವೆ. ಆದರೆ 'ಕೈಯಿಂದ ಬಡಿದ ರೊಟ್ಟಿ' ಎಂಬ ಮಾತು ಇನ್ನೂ ಗಿರಾಕಿಯನ್ನು ಸೆಳೆಯುತ್ತದೆ.

ಸಾವಜಿ ಖಾನಾವಳಿ ಮತ್ತು ಮೀನೂಟ

ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮುದಾಯದವರನ್ನು (ಪಟ್ಟೇಗಾರರು) ಸಾವಜಿ ಎಂದೂ ಕರೆಯುತ್ತಾರೆ. ಇವರ ಪಾರಂಪರಿಕ ಉದ್ಯೋಗ ನೇಯ್ಗೆ. ಮನೆಮಾತು ಒಂದು ಇಂಡೋ-ಆರ್ಯನ್ ಭಾಷೆ. ಹುಬ್ಬಳ್ಳಿ, ಗದಗ-ಬೆಟಗೇರಿ ಮತ್ತು ಗಜೇಂದ್ರಗಡಗಳಲ್ಲಿ ಇವರ ದೊಡ್ಡ ನೆಲೆಗಳಿವೆ. ಇವರ ಮನೆಯಡುಗೆಯೇ ಸಾವಜಿ ಖಾನಾವಳಿಗಳ ಅಡುಗೆಯಾಯಿತು. ಒಣ ಕೊಬ್ಬರಿ, ಗಸಗಸೆ, ಬೆಳ್ಳುಳ್ಳಿ, ಲವಂಗ ಮತ್ತು ಒಣ ಮೆಣಸಿನಕಾಯಿಯನ್ನು ಹುರಿದು ಅರೆದ ಮಸಾಲೆಯ ಕುರಿ ಮಾಂಸದ ಸಾರು, ಖೀಮಾ ಉಂಡೆ ಮತ್ತು ಸುಕ್ಕಾಗಳು ಇಲ್ಲಿನ ವಿಶೇಷ. ಖಾರವು ಎಣ್ಣೆಯೊಡನೆ ಮೇಲೆ ತೇಲುವಂತಿರುತ್ತದೆ. ಶ್ರಾವಣ ಮಾಸದಲ್ಲಿ ಅನೇಕ ಗಿರಾಕಿಗಳು ಮಾಂಸ ಬಿಡುವುದರಿಂದ ವ್ಯಾಪಾರ ಇಳಿಯುತ್ತದೆ; ಮಾಸ ಕಳೆದೊಡನೆ ಮೇಜುಗಳು ಮತ್ತೆ ತುಂಬುತ್ತವೆ.

ಒಳನಾಡಾದರೂ ಮೀನು ಇಲ್ಲಿ ಅಪರಿಚಿತವಲ್ಲ. ಮಲಪ್ರಭೆಯ ದಂಡೆಯ ಊರುಗಳಲ್ಲಿ ಹೊಳೆಯ ಮೀನನ್ನೂ ಕೆರೆಗಳಲ್ಲಿ ಸಾಕಿದ ಕಾಟ್ಲಾ, ರೋಹು ಮೀನುಗಳನ್ನೂ ಉಣ್ಣುತ್ತಾರೆ. ಸಮುದ್ರದ ಬಂಗಡೆ, ಇಸ್ವಾಣ ಮತ್ತು ಪಾಂಫ್ರೆಟ್‌ಗಳು ಕಾರವಾರ ಮತ್ತು ಗೋವಾ ಕಡೆಯಿಂದ ಮಂಜುಗಡ್ಡೆಯಲ್ಲಿ ಹುಬ್ಬಳ್ಳಿಗೆ ಬರುತ್ತವೆ. ಕರಾವಳಿಯಲ್ಲಿ ಮೀನಿನ ಸಾರಿಗೆ ಅನ್ನವೇ ಜೊತೆ. ಇಲ್ಲಿ ಹುರಿದ ಮೀನನ್ನು ಜೋಳದ ರೊಟ್ಟಿಯೊಡನೆ ತಿನ್ನುವವರಿದ್ದಾರೆ. 

ಜಾತಿ ಮತ್ತು ಪಂಕ್ತಿ

'ಲಿಂಗಾಯತ ಖಾನಾವಳಿ', 'ಮರಾಠಾ ಖಾನಾವಳಿ', 'ಬ್ರಾಹ್ಮಣರ ಖಾನಾವಳಿ' ಎಂಬ ಫಲಕಗಳು ಮೊದಲಿಗೆ ಅಡುಗೆಯ ಬಗೆಯನ್ನು ಮಾತ್ರ ಸೂಚಿಸುತ್ತಿರಲಿಲ್ಲ. ಅಡುಗೆ ಮಾಡುವವರು ಯಾರು, ಯಾರ ಪಕ್ಕದಲ್ಲಿ ಕುಳಿತು ಉಣ್ಣಬೇಕಾಗುತ್ತದೆ ಎಂಬ ಭರವಸೆಯನ್ನೂ ಅವು ಕೊಡುತ್ತಿದ್ದವು. ಹಣ ಕೊಟ್ಟರೂ ದಲಿತರಿಗೆ ಒಳಗೆ ಪ್ರವೇಶವಿಲ್ಲದಿರುವುದು, ಹೊರಗೆ ಕೂರಿಸಿ ಬೇರೆ ಪಾತ್ರೆಯಲ್ಲಿ ಕೊಡುವುದು ಗ್ರಾಮಾಂತರದ ಹೋಟೆಲುಗಳಲ್ಲಿ ನಡೆದುಕೊಂಡು ಬಂದಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಸಾರ್ವಜನಿಕ ಭೋಜನಾಲಯ ಮತ್ತು ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ಕಾರಣಕ್ಕೆ ಅಡ್ಡಿ ಮಾಡುವುದನ್ನು ನಿಷೇಧಿಸಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು ಇದಕ್ಕೆ ಶಿಕ್ಷೆಯನ್ನು ವಿಧಿಸಿತು. 1976ರಲ್ಲಿ ತಿದ್ದುಪಡಿಯಾಗಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಇಂದು ಪಟ್ಟಣದ ಖಾನಾವಳಿಯಲ್ಲಿ ಗಿರಾಕಿಯ ಜಾತಿಯನ್ನು ಯಾರೂ ಕೇಳುವುದಿಲ್ಲ. 'ಲಿಂಗಾಯತ' ಎಂಬ ಫಲಕವನ್ನು ಹೆಚ್ಚಿನವರು 'ಶುದ್ಧ ಸಸ್ಯಾಹಾರ, ರೊಟ್ಟಿ ಊಟ' ಎಂದೇ ಓದಿಕೊಳ್ಳುತ್ತಾರೆ. ಆದರೂ ಈ ಹೆಸರುಗಳು ಎಲ್ಲಿಂದ ಬಂದವು ಎಂಬುದನ್ನು ಮರೆತರೆ ಖಾನಾವಳಿಯ ಚರಿತ್ರೆಯ ಅರ್ಧ ಭಾಗ ಬಿಟ್ಟುಹೋಗುತ್ತದೆ.

ಕುಟುಂಬದೊಡನೆ ಹೊರಗಿನ ಊಟ

ಖಾನಾವಳಿ ಬಹುಕಾಲ ಗಂಡಸರ ಜಾಗವಾಗಿತ್ತು. ಮಹಿಳೆಯರು ಒಳಗೆ ರೊಟ್ಟಿ ಬಡಿಯುತ್ತಿದ್ದರೇ ಹೊರತು ಹೊರಗೆ ಕುಳಿತು ಉಣ್ಣುವುದು ಅಪರೂಪ. ಮನೆಮಂದಿಯೊಡನೆ ಬರುವವರಿಗಾಗಿ ಪರದೆ ಅಥವಾ ಹಲಗೆಯ ಮರೆಯಿರುವ 'ಫ್ಯಾಮಿಲಿ ರೂಮ್' ನಂತರ ಬಂದ ಏರ್ಪಾಡು. ಈಗ ರಜಾದಿನಗಳಲ್ಲಿ ಮಕ್ಕಳು, ಅಜ್ಜಿ, ಬೀಗರೊಡನೆ ಖಾನಾವಳಿಗೆ ಹೋಗುವುದು ಹುಬ್ಬಳ್ಳಿ-ಧಾರವಾಡಗಳಲ್ಲಿ ಸಾಮಾನ್ಯವಾಗಿದೆ. ಬೆಂಗಳೂರಿಗೆ ವಲಸೆ ಹೋದ ಉತ್ತರ ಕರ್ನಾಟಕದವರಿಗೆ ಅಲ್ಲಿನ ಜೋಳದ ರೊಟ್ಟಿ ಊಟದ ಖಾನಾವಳಿಗಳು ಊರಿನವರನ್ನು ಭೇಟಿಯಾಗುವ ಸ್ಥಳಗಳೂ ಹೌದು.

ಗೋಡೆ, ಮೇಜುಗಳಿಲ್ಲದ ಇನ್ನೊಂದು ಬಗೆಯ ಹೊರಗಿನ ಊಟವೂ ಈ ಪ್ರದೇಶದಲ್ಲಿದೆ. ಹೊಳೆಆಲೂರಿನಿಂದ ರೈಲಿನಲ್ಲಿ ಸ್ವಲ್ಪ ದೂರದಲ್ಲಿರುವ ಬಾದಾಮಿಯ ಸಮೀಪದ ಬನಶಂಕರಿ ದೇವಾಲಯದ ಬಳಿ ಸುತ್ತಲಿನ ಹಳ್ಳಿಗಳ ಮಹಿಳೆಯರು ಬುಟ್ಟಿಗಳಲ್ಲಿ ರೊಟ್ಟಿ, ಪಲ್ಯ, ಹಿಂಡಿಗಳನ್ನೂ ಚಿಕ್ಕ ಮಣ್ಣಿನ ಗಡಿಗೆಗಳಲ್ಲಿ ಕೆನೆಮೊಸರನ್ನೂ ಹೊತ್ತು ತಂದು ಮಾರುತ್ತಾರೆ. ಭಕ್ತರು ಮರದ ನೆರಳಿನಲ್ಲಿ ಅಥವಾ ಹೊಂಡದ ಸುತ್ತಲಿನ ಕಲ್ಲಿನ ಸಾಲುಮಂಟಪದಲ್ಲಿ ಕುಳಿತು ಉಣ್ಣುತ್ತಾರೆ. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಈ ವ್ಯಾಪಾರ ಬಹಳವಾಗಿ ನಡೆಯುತ್ತದೆ. ಇಲ್ಲಿ ಅಡುಗೆ ಮಾಡಿದವಳೇ ಬಡಿಸುತ್ತಾಳೆ, ದರ ಹೇಳುತ್ತಾಳೆ, ಹಣವನ್ನೂ ಎಣಿಸಿಕೊಳ್ಳುತ್ತಾಳೆ. ಖಾನಾವಳಿಯ ಒಳಕೋಣೆಯ ಕೂಲಿಗಿಂತ ಇದು ಬೇರೆಯೇ ಆದ ಸ್ಥಿತಿ.

ಇತ್ತೀಚಿನ ಸ್ಥಿತಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ಸಣ್ಣ ಖಾನಾವಳಿಯೂ ನೋಂದಣಿ ಮಾಡಿಸಬೇಕು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ನಂತರ ಇತರ ಪಟ್ಟಣಗಳಿಗೆ ವಿಸ್ತರಿಸಿದ ಇಂದಿರಾ ಕ್ಯಾಂಟೀನ್‌ಗಳು 10 ರೂಪಾಯಿಗೆ ಊಟ ಕೊಡುವುದರಿಂದ ಕೂಲಿಕಾರರ ಒಂದು ಭಾಗ ಅತ್ತ ಹೋಗಿದೆ. 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್‌ನಲ್ಲಿ ಕುಳಿತು ಉಣ್ಣುವ ವ್ಯಾಪಾರ ಪೂರ್ಣ ನಿಂತಿತು. ಕಾಲೇಜುಗಳು ಮುಚ್ಚಿದ್ದರಿಂದ ತಿಂಗಳ ಖಾತೆಯ ಗಿರಾಕಿಗಳೂ ಇಲ್ಲವಾದರು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ದೊಡ್ಡ ಹೋಟೆಲುಗಳೂ ಜೋಳದ ರೊಟ್ಟಿಯನ್ನು ಆರೋಗ್ಯದ ಹೆಸರಿನಲ್ಲಿ ಬಡಿಸುತ್ತಿವೆ. ಖಾನಾವಳಿಗಳಲ್ಲಿ ಹಂಚಿನ ಮುಂದೆ ಕೂರಲು ಮುಂದಿನ ಪೀಳಿಗೆಯ ಹೆಣ್ಣುಮಕ್ಕಳು ಒಪ್ಪುತ್ತಿಲ್ಲ, ಹಾಗಾಗಿ ರೊಟ್ಟಿ ಬಡಿಯುವವರು ಸಿಗುತ್ತಿಲ್ಲ ಎಂಬುದು ಮಾಲೀಕರ ಸಾಮಾನ್ಯ ದೂರು.