ಗರಿ ಮತ್ತು ಲೆಕ್ಕಣಿಕೆ

ಇಂಗ್ಲಿಷಿನ ‘ಕ್ವಿಲ್’ ಎಂಬ ಶಬ್ದವನ್ನು ‘ಗರಿಲೇಖನಿ’ ಎಂದು ಕನ್ನಡಿಸುವುದುಂಟು. ಯುರೋಪದಲ್ಲಿ ಶತಮಾನಗಳ ಕಾಲ ಹೆಬ್ಬಾತಿನ ಗರಿಯ ಬುಡವನ್ನು ಕೊಯ್ದು, ಮಸಿಯಲ್ಲಿ ಅದ್ದಿ ಬರೆದರು. ‘ಪೆನ್’ ಎಂಬುದರ ಮೂಲವಾದ ಲ್ಯಾಟಿನ್ ‘ಪೆನ್ನಾ’ಕ್ಕೂ ಗರಿಯೆಂದೇ ಅರ್ಥ. ನಮ್ಮಲ್ಲಾದರೋ ಗರಿಯು ಬರೆಯುವ ಸಾಧನವಲ್ಲ, ಬರೆಸಿಕೊಳ್ಳುವ ಹಾಳೆ. ಹಕ್ಕಿಯದಷ್ಟೇ ಅಲ್ಲ, ತಾಳೆಯ ಓಲೆಯೂ ಗರಿಯೇ. ಹಸ್ತಪ್ರತಿಗಳ ಪ್ರಮಾಣವನ್ನು ಇಂದಿಗೂ ಗರಿಗಳ ಲೆಕ್ಕದಲ್ಲಿ ಹೇಳುತ್ತೇವೆ. ಅದರ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಕಾಡಿಗೆ ತಿಕ್ಕಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುವುದು.

ಕಾಗದಕ್ಕೆ ಬಂದದ್ದು ಜೊಂಡಿನ ಲೆಕ್ಕಣಿಕೆ. ದಿಗ್ಗೇವಾಡಿ, ರಾಯಬಾಗ, ಚಿಕ್ಕೋಡಿಗಳ ಈ ಗಡಿಸೀಮೆಯಲ್ಲಿ ಮೋಡಿ ಲಿಪಿಯ ದಫ್ತರಗಳೂ ನಡೆದವು. ಮರಾಠಿಯಲ್ಲಿ ಅದಕ್ಕೆ ‘ಬೋರು’ ಎಂದು ಹೆಸರು. ನೇಕಾರನ ಕಂಡಿಕೆಗೂ ಮುಳ್ಳುಹಂದಿಯ ಮುಳ್ಳಿಗೂ ಇಂಗ್ಲಿಷರು ‘ಕ್ವಿಲ್’ ಎಂದೇ ಅನ್ನುವರು. ಕನ್ನಡವು ಇವನ್ನು ಬೇರೆ ಬೇರೆಯಾಗಿ ಇಟ್ಟುದೇ ಲೇಸು.

ಶರಣರ ವಚನಗಳು ಉಳಿದುಬಂದದ್ದು ಓಲೆಗರಿಗಳಲ್ಲಿ. ಎಷ್ಟೋ ಮನೆಗಳಲ್ಲಿ ಅವು ಜಗುಲಿಯ ಮೇಲೆ ವಿಭೂತಿ-ಪತ್ರೆಗಳ ಪೂಜೆ ಕೊಂಡವು. ಬಿಚ್ಚಿ ಓದುವವರಿಲ್ಲದೆ ಹುಳುಗಳ ಪಾಲಾದವು. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ಅಲೆದು ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು, ೧೯೨೫ರಲ್ಲಿ ವಿಜಾಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು.

ಭಕ್ತರ ಮನೆಯ ಅಟ್ಟದಲ್ಲಿ ಇಂಥ ಕಟ್ಟು ಇಂದಿಗೂ ದೊರೆತರೆ, ಹೂವೇರಿಸಿ ಸುಮ್ಮನಾಗದೆ ಓದಬಲ್ಲವರ ಕೈಗೆ ಮುಟ್ಟಿಸಬೇಕು. ಒಣಗಿ ಅಂಟಿಕೊಂಡ ಗರಿಗಳನ್ನು ಮಾತ್ರ ಬಲವಂತದಿಂದ ಬಿಡಿಸಬಾರದು, ಮುರಿದಾವು.